ಸ್ತನ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಟಾನಿಕ್, ವಿಟಮಿನ್, ಪ್ರೋಟೀನ್ ಪುಡಿ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಯೆಟಿಷಿಯನ್. ಕೀಮೋಗೆ ಬರುವ ಹೆಂಗಸರ ಜೊತೆ, ಅವರನ್ನು ಕರೆದುಕೊಂಡು ಬರುವ ಗಂಡ, ಮಗಳು, ಸೊಸೆ, ತಂಗಿಯರ ಜೊತೆ ಊಟ-ತಿಂಡಿಯ ಮಾತಾಡುವುದೇ ನನ್ನ ಕೆಲಸ. ನನ್ನ ಸ್ವಂತ ಅಕ್ಕನಿಗೂ ಈ ಕಾಯಿಲೆ ಬಂದಿತ್ತು. ಅವಳ ಮಂಚದ ಪಕ್ಕದ ಕಿಟಕಿಯಲ್ಲಿದ್ದ ಡಬ್ಬಿಗಳನ್ನು ಒಂದು ದಿನ ಎಣಿಸಿದೆ. ಹನ್ನೊಂದು. ಡಾಕ್ಟರ್ ಬರೆದುಕೊಟ್ಟಿದ್ದು ಎರಡೇ. ಉಳಿದ ಒಂಬತ್ತನ್ನು ಪ್ರೀತಿಯಿಂದ ತಂದಿಟ್ಟವರು ನಾವೇ, ಮನೆಯವರು, ನೆಂಟರು.

ಓಪಿಡಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನನ್ನ ಉತ್ತರಕ್ಕಿಂತ ನಿಮ್ಮ ಡಾಕ್ಟರ್ ಮಾತು ಮೇಲು, ಯಾಕೆಂದರೆ ನಿಮ್ಮ ರಿಪೋರ್ಟ್ ಇರುವುದು ಅವರ ಕೈಯಲ್ಲಿ.

## ಶುರುವಿನ ಪ್ರಶ್ನೆಗಳು

ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ವಿಟಮಿನ್ ಮಾತ್ರೆ ಶುರು ಮಾಡಲೇಬೇಕಾ?

ಬೇಕಿಲ್ಲ. ಕ್ಯಾನ್ಸರ್ ಇದೆ ಎಂಬ ಒಂದೇ ಕಾರಣಕ್ಕೆ ಯಾವ ವಿಟಮಿನ್ನೂ ಕಡ್ಡಾಯವಲ್ಲ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಆ ಕೊರತೆಗೆ ಮಾತ್ರೆ. ಊಟ ಅರ್ಧಕ್ಕರ್ಧ ಇಳಿದುಹೋಗಿದ್ದರೆ ದಿನಕ್ಕೊಂದು ಸಾಧಾರಣ ಮಲ್ಟಿವಿಟಮಿನ್ ಕೊಡುವುದುಂಟು, ಅದೂ ದಿನದ ಅಗತ್ಯಕ್ಕೆ ಸರಿಹೊಂದುವ ಪ್ರಮಾಣದ್ದು. ಯುರೋಪಿನ ಪೋಷಣೆ ತಜ್ಞರ ಸಂಘ ಎಸ್ಪೆನ್ ಕ್ಯಾನ್ಸರ್ ರೋಗಿಗಳಿಗಾಗಿ ಮಾಡಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ದಿನದ ಅಗತ್ಯದಷ್ಟು ಸರಿ, ಕೊರತೆ ಇಲ್ಲದೆ ದೊಡ್ಡ ಡೋಸ್ ಬೇಡ. ಡಬ್ಬಿಯ ಹಿಂದೆ ಪ್ರತಿ ವಿಟಮಿನ್ ಎದುರು ಶೇಕಡ ಎಷ್ಟು ಅಂತ ಬರೆದಿರುತ್ತದೆ. ಅದು 100ರ ಆಸುಪಾಸಿನಲ್ಲಿದ್ದರೆ ಸಾಧಾರಣ. 500, 1000 ಅಂತ ಇದ್ದರೆ ಅದು ದೊಡ್ಡ ಡೋಸ್. ಕೇಳದೆ ಮುಟ್ಟಬೇಡಿ.

ನಮ್ಮ ಅವ್ವಗ ಬಾಳ ನಿಶ್ಶಕ್ತಿ ಐತ್ರಿ. ಯಾವ ಟಾನಿಕ್ ಕೊಡಬೇಕ್ರಿ?

ಮೊದಲು ನಿಶ್ಶಕ್ತಿ ಎಲ್ಲಿಂದ ಬಂತು ಅಂತ ನೋಡಬೇಕು. ರಕ್ತ ಕಡಿಮೆಯಾಗಿರಬಹುದು. ಥೈರಾಯ್ಡ್ ಇರಬಹುದು. ಶುಗರ್ ಏರುಪೇರಾಗಿರಬಹುದು. ರಾತ್ರಿ ನಿದ್ದೆ ಇಲ್ಲದಿರಬಹುದು, ಮನಸ್ಸು ಕುಗ್ಗಿರಬಹುದು. ಇವು ಯಾವುವೂ ಇಲ್ಲದೆಯೂ ಕೀಮೋದಿಂದಲೇ ಸುಸ್ತಾಗುತ್ತದೆ, ಆ ಸುಸ್ತು ಮಲಗಿದರೆ ಹೋಗುವಂಥದ್ದಲ್ಲ. ಟಾನಿಕ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಸಕ್ಕರೆ ಪಾಕ, ಸ್ವಲ್ಪ ಬಿ ಕಾಂಪ್ಲೆಕ್ಸ್, ಸ್ವಲ್ಪ ಕಬ್ಬಿಣ. ಕೇಳಿದರೆ ಆಶ್ಚರ್ಯ ಅನ್ನಿಸಬಹುದು, ಕೀಮೋ ಸುಸ್ತಿಗೆ ಚೆನ್ನಾಗಿ ಕೆಲಸ ಮಾಡುವುದು ದಿನಾ ಸ್ವಲ್ಪ ನಡೆದಾಡುವುದು. ಅಂಗಳದಲ್ಲೇ ಹತ್ತು ನಿಮಿಷ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಅವ್ವನ ಕೈ ಹಿಡಿದುಕೊಂಡು ನೀವೂ ನಡೆಯಿರಿ.

ಪ್ರೋಟೀನ್ ಪುಡಿ ಯಾವ ಕಂಪನಿದು ಒಳ್ಳೇದು ಹೇಳಿ ಮೇಡಂ

ಕಂಪನಿ ಹೆಸರು ಹೇಳುವುದಿಲ್ಲ, ಲೆಕ್ಕ ಹೇಳಿಕೊಡುತ್ತೇನೆ. ಚಿಕಿತ್ಸೆ ನಡೆಯುವಾಗ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಇರುವವರಿಗೆ ಹೆಚ್ಚುಕಡಿಮೆ 55ರಿಂದ 80 ಗ್ರಾಂ. ಈಗ ಮನೆ ಊಟ ನೋಡಿ. ಎರಡು ಮೊಟ್ಟೆ 12 ಗ್ರಾಂ. ಎರಡು ಲೋಟ ಹಾಲು 13 ಗ್ರಾಂ. ಗಟ್ಟಿಯಾಗಿ ಮಾಡಿದ ಬೇಳೆ ಅಥವಾ ಕಾಳು ಸಾರು ಎರಡು ಬಟ್ಟಲು, 14 ಗ್ರಾಂ. ಒಂದು ಬಟ್ಟಲು ಮೊಸರು 4, ಒಂದು ಹಿಡಿ ಕಡಲೆಕಾಯಿ ಬೀಜ 7. ಮುದ್ದೆ, ಅನ್ನ, ಚಪಾತಿಯಿಂದ ಇನ್ನೊಂದು 15. ಒಟ್ಟು 65 ಗ್ರಾಂ ಆಯಿತು, ಪುಡಿಯ ಹೆಸರೇ ಬರಲಿಲ್ಲ.

ಇಷ್ಟು ತಿನ್ನಲು ಆಗುತ್ತಿಲ್ಲ, ಬಾಯಿ ಹುಣ್ಣಾಗಿದೆ, ನಾಲ್ಕು ತುತ್ತಿಗೇ ಸಾಕು ಅನ್ನಿಸುತ್ತದೆ ಎನ್ನುವ ದಿನಗಳಲ್ಲಿ ಪುಡಿಯಿಂದ ನಿಜವಾಗಿ ಉಪಯೋಗ ಇದೆ, ನಾನೇ ಬರೆದುಕೊಡುತ್ತೇನೆ. ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ಒಂದು ಸಲ ಕಲಸುವ ಪುಡಿಯಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು? ಹಾಲಿನಿಂದ ತೆಗೆಯುವ ವೇ ಪ್ರೋಟೀನ್ ಆದರೆ ಒಂದು ಸ್ಕೂಪಿಗೆ 20ರಿಂದ 25 ಗ್ರಾಂ ಸಿಗುತ್ತದೆ. ಚಾಕಲೇಟ್ ರುಚಿಯ ಎಷ್ಟೋ ಡಬ್ಬಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆಯೇ ಜಾಸ್ತಿ. ಗಿಡಮೂಲಿಕೆ ಸಾರ, ಹತ್ತಾರು ವಿಟಮಿನ್ ಬೆರೆಸಿದ್ದು ಬೇಡ, ಬರೀ ಪ್ರೋಟೀನ್ ಇರುವುದು ಸಾಕು. ಕಿಡ್ನಿ ತೊಂದರೆ ಇರುವವರು ಕೇಳದೆ ಶುರು ಮಾಡಬಾರದು.

ದುಡ್ಡಿನ ಕಷ್ಟ ಇದ್ದರೆ ಹುರಿಗಡಲೆ ಪುಡಿ ಮಾಡಿಟ್ಟುಕೊಳ್ಳಿ. 100 ಗ್ರಾಂಗೆ 20 ಗ್ರಾಂ ಪ್ರೋಟೀನ್ ಇದೆ. ಎರಡು ದೊಡ್ಡ ಚಮಚ ಹಾಲಿಗೋ ರಾಗಿ ಗಂಜಿಗೋ ಹಾಕಿ ಕಲಸಿದರೆ ಆಯಿತು. ಸಾಲ ಮಾಡಿ ಡಬ್ಬಿ ತರುವ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಆಪರೇಷನ್ ಆದ ಮೇಲೆ ಮೊಟ್ಟೆ, ಮೀನು, ಬದನೆಕಾಯಿ ನಂಜು ಅಂತಾರೆ ನಮ್ಮತ್ತೆ. ಮೊಸರು ಶೀತ ಅಂತಾರೆ. ಅದಕ್ಕೇ ಬರೀ ಪುಡಿ ಕೊಡ್ತಿದ್ದೀವಿ. ಸರಿನಾ?

ಸರಿಯಲ್ಲ. ಇದು ನನಗೆ ತುಂಬ ಬೇಸರ ತರುವ ವಿಷಯ. ಗಾಯ ಮಾಯಲು ಬೇಕಾಗಿರುವುದೇ ಪ್ರೋಟೀನ್. ಅದು ಚೆನ್ನಾಗಿ ಸಿಗುವ ಮೊಟ್ಟೆ, ಮೀನು, ಮೊಸರು, ಕಾಳು ಎಲ್ಲವನ್ನೂ ನಂಜು, ಶೀತ, ವಾಯು ಅಂತ ತಟ್ಟೆಯಿಂದ ತೆಗೆದುಬಿಡುತ್ತಾರೆ. ಉಳಿಯುವುದು ತಿಳಿಸಾರು ಅನ್ನ, ಬ್ರೆಡ್ಡು, ಬನ್ನು. ಹೀಗೆ ಊಟದಿಂದ ಕಿತ್ತುಕೊಂಡಿದ್ದನ್ನು ಸಾವಿರಾರು ರೂಪಾಯಿ ಕೊಟ್ಟು ಡಬ್ಬಿಯಲ್ಲಿ ತರುತ್ತಾರೆ. ಹೊಲಿಗೆ ಹಾಕಿದ ಗಾಯಕ್ಕೆ ಮೊಟ್ಟೆಯಿಂದ ಕೀವು ಆಗುವುದಿಲ್ಲ. ಕೀವು ಆಗುವುದು ಸೋಂಕಿನಿಂದ. ಯಾವುದಾದರೂ ಪದಾರ್ಥ ನಿಮಗೆ ಮೊದಲಿಂದಲೂ ಅಲರ್ಜಿ ಇದ್ದರೆ ಮಾತ್ರ ಅದನ್ನು ಬಿಡಿ.

ಅತ್ತೆಯ ಎದುರು ವಾದ ಮಾಡಬೇಡಿ. ಅವರಿಗೂ ಭಯ, ಅವರದೂ ಪ್ರೀತಿಯೇ. ಮುಂದಿನ ಸಲ ಅವರನ್ನೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಡಾಕ್ಟರ್ ಬಾಯಿಂದಲೇ ಕೇಳಲಿ. ಎಷ್ಟೋ ಮನೆಗಳಲ್ಲಿ ಮಾರನೇ ದಿನದಿಂದ ಮೊಟ್ಟೆ ಬೇಯಿಸಿಕೊಟ್ಟವರು ಅದೇ ಅತ್ತೆಯರು. ಅಲ್ಲಿಯವರೆಗೆ ಹೆಸರುಬೇಳೆ ಪೊಂಗಲ್, ಪನೀರ್, ಹಾಲು ಯಾರಿಗೂ ತಕರಾರಿಲ್ಲದ ದಾರಿ.

ತೂಕ ಇಳಿಯುತ್ತೆ ಅಂದ್ಕೊಂಡಿದ್ದೆ, ಐದು ಕೆಜಿ ಏರಿದೀನಿ. ಪೌಷ್ಟಿಕದ ಪುಡಿ ನಿಲ್ಲಿಸಲಾ?

ನಿಲ್ಲಿಸಬಹುದು, ಪ್ರೋಟೀನ್ ಊಟದಿಂದ ಸಿಗುತ್ತಿದ್ದರೆ. ಕ್ಯಾನ್ಸರ್ ಅಂದ ಕೂಡಲೇ ಮೈ ಕರಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ತನ ಕ್ಯಾನ್ಸರಿನ ಕೀಮೋದಲ್ಲಿ ಬಹಳ ಹೆಂಗಸರು ತೂಕ ಏರುತ್ತಾರೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್, ಬೇಗ ನಿಂತುಹೋಗುವ ಮುಟ್ಟು, ಓಡಾಟ ಕಡಿಮೆಯಾಗುವುದು, ಇವೇ ಕಾರಣ. ಅದೇ ಸ್ಟೀರಾಯ್ಡ್‌ನಿಂದ ಶುಗರ್ ಕೂಡ ಏರುತ್ತದೆ. ಹೀಗಿರುವಾಗ ಸಕ್ಕರೆ ಬೆರೆಸಿದ ಪುಡಿ ದಿನಕ್ಕೆ ಎರಡು ಸಲ ಬೇಡ. ಆದರೆ ಊಟ ಬಿಟ್ಟು ಉಪವಾಸ ಮಾಡಿ ತೂಕ ಇಳಿಸುವ ಕಾಲವೂ ಇದಲ್ಲ.

ಆಪರೇಷನ್‌ಗೆ ಮೊದಲು ಏನೇನು ನಿಲ್ಲಿಸಬೇಕು?

ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ಅರಿಶಿನದ ಕ್ಯಾಪ್ಸೂಲ್, ಗಿಂಕೋ ಎಂಬ ಎಲೆಯ ಸಾರ. ಇವು ರಕ್ತಸ್ರಾವ ಹೆಚ್ಚಿಸಬಹುದು. ಸಾಮಾನ್ಯವಾಗಿ ಒಂದೆರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅರಿವಳಿಕೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಒಗ್ಗರಣೆಯ ಬೆಳ್ಳುಳ್ಳಿಗೆ ಹೆದರಬೇಕಿಲ್ಲ.

## ಕೀಮೋ, ರೇಡಿಯೇಷನ್ ನಡೆಯುವಾಗ

ಇಮ್ಯುನಿಟಿಗೆ ವಿಟಮಿನ್ ಸಿ, ಇ, ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಗೊಂಡ್ರೆ ಏನು ತಪ್ಪು? ಒಳ್ಳೇದೇ ಅಲ್ವಾ?

ಕೀಮೋದ ಕೆಲವು ಔಷಧಿಗಳೂ ರೇಡಿಯೇಷನ್ನೂ, ಅಂದರೆ ನಮ್ಮಲ್ಲಿ ಕರೆಂಟ್ ಕೊಡುವುದು ಅನ್ನುತ್ತಾರಲ್ಲ ಅದೂ, ಕ್ಯಾನ್ಸರ್ ಜೀವಕೋಶವನ್ನು ಕೊಲ್ಲುವ ಒಂದು ದಾರಿ ಅದರೊಳಗೆ ಆಕ್ಸಿಡೇಷನ್ ಹಾನಿ ಮಾಡುವುದು. ಆ್ಯಂಟಿಆಕ್ಸಿಡೆಂಟ್ ಮಾಡುವ ಕೆಲಸವೇ ಆ ಹಾನಿ ತಡೆಯುವುದು. ಒಳ್ಳೆಯ ಜೀವಕೋಶವನ್ನು ಮಾತ್ರ ಕಾಪಾಡು, ಕೆಟ್ಟದ್ದನ್ನು ಬಿಡು ಅಂತ ಕ್ಯಾಪ್ಸೂಲಿಗೆ ಹೇಳಲು ಆಗುವುದಿಲ್ಲ.

ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಕೀಮೋ ತಗೊಂಡ 1,134 ಹೆಂಗಸರನ್ನು ಅವರು ಏನೇನು ಸಪ್ಲಿಮೆಂಟ್ ತಗೊಳ್ಳುತ್ತಿದ್ದಾರೆ ಅಂತ ಕೇಳಿ ಬರೆದುಕೊಂಡು, ಮುಂದೆ ಏನಾಯಿತು ಅಂತ ನೋಡಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೀಮೋಗೆ ಮೊದಲೂ ಕೀಮೋ ನಡೆಯುವಾಗಲೂ ವಿಟಮಿನ್ ಎ, ಸಿ, ಇ, ಕ್ಯಾರೊಟಿನಾಯ್ಡ್, ಕೋಎನ್‌ಜೈಮ್ ಕ್ಯೂ10 ಇವುಗಳಲ್ಲಿ ಯಾವುದನ್ನಾದರೂ ತಗೊಂಡವರಲ್ಲಿ ಕಾಯಿಲೆ ಮರಳಿ ಬರುವುದು ಸುಮಾರು ಶೇ. 40ರಷ್ಟು ಜಾಸ್ತಿ ಕಂಡಿತು. ಇದು ಗಮನಿಸಿ ನೋಡಿದ ಅಧ್ಯಯನ, ಮಾತ್ರೆ ಕೊಟ್ಟು ಮಾಡಿದ ಪ್ರಯೋಗವಲ್ಲ. ಕ್ಯಾಪ್ಸೂಲ್ ತಗೊಂಡವರ ಸಂಖ್ಯೆಯೂ ಕಡಿಮೆಯಿತ್ತು. ಹಾಗಾಗಿ ಇದೇ ಕೊನೆ ಮಾತು ಅನ್ನುವಂತಿಲ್ಲ. ಸಾಧಾರಣ ಮಲ್ಟಿವಿಟಮಿನ್‌ನಿಂದ ಮಾತ್ರ ಅದೇ ಅಧ್ಯಯನದಲ್ಲಿ ಕೆಡುಕೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಲಾಭ ಇದೆ ಅಂತ ಸಾಬೀತಾಗದ, ಕೆಡುಕಿನ ಅನುಮಾನ ಇರುವ ಕ್ಯಾಪ್ಸೂಲನ್ನು ಕೀಮೋ, ರೇಡಿಯೇಷನ್ ಮುಗಿಯುವವರೆಗೆ ಬಿಟ್ಟಿರುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ನೆಲ್ಲಿಕಾಯಿ ಚಿತ್ರಾನ್ನ, ಕಿತ್ತಳೆ, ಸೀಬೆಹಣ್ಣು ಧಾರಾಳವಾಗಿ ತಿನ್ನಿ.

ಹೀಮೋಗ್ಲೋಬಿನ್ 9 ಇದೆ ಅಂದ್ರು. ಬೀಟ್‌ರೂಟ್ ಜ್ಯೂಸಾ, ದಾಳಿಂಬೆನಾ, ಕಬ್ಬಿಣದ ಮಾತ್ರೆನಾ?

ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ, ಅಷ್ಟೇ. ಅವುಗಳಲ್ಲಿ ಕಬ್ಬಿಣ ಬಹಳ ಕಡಿಮೆ. ರುಚಿಗೆ ತಿನ್ನಿ, ರಕ್ತಕ್ಕೆ ಅಂತ ನಂಬಬೇಡಿ.

ಕೀಮೋದಲ್ಲಿ ರಕ್ತ ಇಳಿಯಲು ಎರಡು ಮುಖ್ಯ ಕಾರಣ. ಒಂದು, ನಮ್ಮ ಹೆಂಗಸರಲ್ಲಿ ಮೊದಲಿಂದಲೂ ಇರುವ ಕಬ್ಬಿಣದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಇನ್ನೊಂದು, ಕೀಮೋ ಔಷಧಿ ರಕ್ತ ತಯಾರಿಸುವ ಎಲುಬಿನ ಮಜ್ಜೆಯನ್ನೇ ಸುಸ್ತು ಮಾಡುವುದು. ಈ ಎರಡನೆಯದಕ್ಕೆ ಕಬ್ಬಿಣ ಎಷ್ಟು ನುಂಗಿದರೂ ಪ್ರಯೋಜನವಿಲ್ಲ, ಮಲಬದ್ಧತೆ ಮಾತ್ರ ಹೆಚ್ಚುತ್ತದೆ. ಯಾವುದು ಅಂತ ತಿಳಿಯಲು ಫೆರಿಟಿನ್ ಪರೀಕ್ಷೆ, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ, ಮಾಡಿಸುತ್ತಾರೆ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಕೀಮೋ ಜೊತೆ ಕಬ್ಬಿಣ ತಗೊಂಡವರಲ್ಲೂ ಕಾಯಿಲೆ ಮರಳುವುದು ಹೆಚ್ಚಿತ್ತು. ಹಾಗಾಗಿ ಕೊರತೆ ಖಚಿತವಾದರೆ ಡಾಕ್ಟರ್ ಕೊಡುವ ಮಾತ್ರೆ ಅಥವಾ ಡ್ರಿಪ್, ಅದನ್ನು ಹೆದರದೆ ತಗೊಳ್ಳಿ. ಸ್ವಂತಕ್ಕೆ ಬೇಡ.

ಬಿಳಿ ರಕ್ತಕಣ ಇಳಿದು ಕೀಮೋ ಮುಂದಕ್ಕೆ ಹಾಕಿದ್ರು. ಪಪ್ಪಾಯ ಎಲೆ ರಸ, ಗೋಧಿ ಹುಲ್ಲಿನ ರಸ ಕೊಡಬಹುದಾ?

ಬೇಡ. ಪಪ್ಪಾಯ ಎಲೆಯ ಮಾತು ಡೆಂಗೆ ಕಾಲದಲ್ಲಿ ಬಂದದ್ದು, ಅದೂ ಪ್ಲೇಟ್‌ಲೆಟ್ ವಿಷಯಕ್ಕೆ. ಬಿಳಿ ರಕ್ತಕಣವೇ ಬೇರೆ. ಅದು ಇಳಿದಾಗ ಮೈಗೆ ಸೋಂಕು ತಡೆಯುವ ಬಲ ಇರುವುದಿಲ್ಲ, ಅಂಥ ಹೊತ್ತಲ್ಲಿ ಬೇಯಿಸದ ಎಲೆ-ಹುಲ್ಲು ಅರೆದು ಹಿಂಡಿ ಕುಡಿಸಿದರೆ ಅದರ ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾ ಕೂಡ ಹೊಟ್ಟೆ ಸೇರಬಹುದು. ಹಸಿ ಮೊಳಕೆ ಕಾಳಿಗೂ ಇದೇ ಮಾತು, ಬೇಯಿಸಿ ಉಸಲಿಯೋ ಸಾರೋ ಮಾಡಿ. ಜೀವಂತ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಕ್ಯಾಪ್ಸೂಲನ್ನೂ ಆ ದಿನಗಳಲ್ಲಿ ಕೇಳದೆ ಕೊಡಬೇಡಿ. ಬಿಳಿ ರಕ್ತಕಣ ಏರಿಸಲು ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಇದೆ, ಬೇಕಾದರೆ ಡಾಕ್ಟರ್ ಅದನ್ನೇ ಕೊಡುತ್ತಾರೆ. ಜ್ವರ 100.4 ಡಿಗ್ರಿ ದಾಟಿದರೆ ಯಾವ ಕಷಾಯಕ್ಕೂ ಕಾಯಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಕೂದಲು ಉದುರದ ಹಾಗೆ ಬಯೋಟಿನ್ ತಗೊಳ್ಳಲಾ?

ಕೀಮೋದಿಂದ ಉದುರುವ ಕೂದಲನ್ನು ಬಯೋಟಿನ್ ತಡೆಯುವುದಿಲ್ಲ. ಕೀಮೋ ಮುಗಿದ ಒಂದರಿಂದ ಮೂರು ತಿಂಗಳಲ್ಲಿ ಕೂದಲು ತಾನಾಗಿ ಚಿಗುರಲು ಶುರುವಾಗುತ್ತದೆ. ಬಯೋಟಿನ್‌ನಿಂದ ಇನ್ನೊಂದು ತೊಂದರೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಡೋಸ್ ಬಯೋಟಿನ್ ಥೈರಾಯ್ಡ್, ಹಾರ್ಮೋನ್, ಹೃದಯದ ಟ್ರೊಪೊನಿನ್ ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ.

ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಶುರುವಾದ ಮೇಲೆ ಬೆರಳೆಲ್ಲ ಜೋಮು. ನರದ ಮಾತ್ರೆ ಜಾಸ್ತಿ ತಗೊಂಡ್ರೆ ಬೇಗ ವಾಸಿ ಆಗುತ್ತಾ?

ಇಲ್ಲ, ಇಲ್ಲಿ ಜಾಸ್ತಿ ತಗೊಂಡರೆ ಉಲ್ಟಾ ಆಗುವ ಸಾಧ್ಯತೆ ಇದೆ. ಅಸಿಟೈಲ್ ಎಲ್-ಕಾರ್ನಿಟಿನ್ ಎಂಬ ಸಪ್ಲಿಮೆಂಟ್ ಈ ಜೋಮನ್ನು ತಡೆಯಬಹುದು ಅಂತ 409 ಹೆಂಗಸರ ಮೇಲೆ ಸರಿಯಾದ ಪ್ರಯೋಗವನ್ನೇ ಮಾಡಿದರು. 2013ರಲ್ಲಿ ಬಂದ ಫಲಿತಾಂಶ ನೋಡಿದರೆ 24 ವಾರಕ್ಕೆ ಮಾತ್ರೆ ತಗೊಂಡವರಲ್ಲೇ ಜೋಮು ಹೆಚ್ಚಿತ್ತು. ಒಳ್ಳೆಯದಾಗಲಿ ಅಂತ ಕೊಟ್ಟಿದ್ದೇ ಕೆಡಿಸಿತು. ನಿಮ್ಮ ನರದ ಮಾತ್ರೆಯ ಸ್ಟ್ರಿಪ್ ಮೇಲೆ ಈ ಹೆಸರು ಇದೆಯಾ ನೋಡಿ. ವಿಟಮಿನ್ ಬಿ6 ಕೂಡ ಹಾಗೆಯೇ, ದೊಡ್ಡ ಡೋಸಲ್ಲಿ ಬಹಳ ದಿನ ತಗೊಂಡರೆ ಅದರಿಂದಲೇ ಕೈಕಾಲು ಜೋಮು ಹಿಡಿಯುತ್ತದೆ.

ಬಿ12 ವಿಷಯ ಸ್ವಲ್ಪ ಸೂಕ್ಷ್ಮ. ಶುದ್ಧ ಸಸ್ಯಾಹಾರಿಗಳಲ್ಲಿ, ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಕೊರತೆ ನಮ್ಮಲ್ಲಿ ತುಂಬ ಸಾಮಾನ್ಯ, ಆ ಕೊರತೆಯಿಂದಲೂ ಜೋಮು ಬರುತ್ತದೆ. ಆದರೆ 2020ರ ಆ ಅಧ್ಯಯನದಲ್ಲಿ ಕೀಮೋಗೆ ಮೊದಲೂ ನಡುವೆಯೂ ಬಿ12 ಸಪ್ಲಿಮೆಂಟ್ ತಗೊಂಡವರ ಫಲಿತಾಂಶ ಚೆನ್ನಾಗಿರಲಿಲ್ಲ. ಅದಕ್ಕೇ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರ, ಡಾಕ್ಟರ್ ಹೇಳಿದಷ್ಟೇ ದಿನ. ಜೋಮು ಏರುತ್ತಿದ್ದರೆ ಮುಚ್ಚಿಡಬೇಡಿ, ಕೀಮೋ ಡೋಸನ್ನೇ ಸ್ವಲ್ಪ ಹೊಂದಿಸುತ್ತಾರೆ.

ವಾಂತಿಗೆ ಶುಂಠಿ ಒಳ್ಳೇದಾ?

ಹೌದು. 576 ರೋಗಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿಯಿಂದ ಕೀಮೋ ದಿನದ ವಾಕರಿಕೆ ಕಡಿಮೆಯಾಯಿತು, ಅವರೂ ವಾಂತಿಯ ಮಾತ್ರೆ ಬಿಟ್ಟಿರಲಿಲ್ಲ. ಮಜ್ಜಿಗೆಗೆ ಜಜ್ಜಿ ಹಾಕಿದ ಶುಂಠಿ, ಶುಂಠಿ ಕಾಫಿ ಸಾಕು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಶುಂಠಿ ಕ್ಯಾಪ್ಸೂಲ್ ಬೇಡ.

## ಹಾರ್ಮೋನ್ ಮಾತ್ರೆ ಶುರುವಾದ ಮೇಲೆ

ಲೆಟ್ರೋಜೋಲ್ ಕೊಟ್ಟಿದಾರೆ, ಜೊತೆಗೆ ಕ್ಯಾಲ್ಸಿಯಂ. ನಾನು ದಿನಾ ರಾಗಿ ಮುದ್ದೆ ತಿಂತೀನಿ, ಮಾತ್ರೆ ಯಾಕೆ?

ಒಳ್ಳೆಯ ಪ್ರಶ್ನೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಈ ಮೂರೂ ಮೈಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಬಹಳ ಕಡಿಮೆ ಮಾಡುತ್ತವೆ. ಈಸ್ಟ್ರೋಜನ್ ಇಲ್ಲದಿದ್ದರೆ ಮೂಳೆ ಸವೆಯುತ್ತದೆ. ಮಾತ್ರೆ ಐದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಅದಕ್ಕೇ ಇಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ನಾನು ಖಡಾಖಂಡಿತ: ಇದು ಬೇಕಾದ ಸಪ್ಲಿಮೆಂಟ್.

ದಿನಕ್ಕೆ ಒಟ್ಟು 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಊಟದ್ದೂ ಸೇರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ. ಒಂದು ಮುದ್ದೆ, ಎರಡು ಲೋಟ ಹಾಲು-ಮೊಸರು ದಿನಾ ತಪ್ಪದೆ ಇದ್ದರೆ 800 ದಾಟುತ್ತೀರಿ, ಆಗ ಒಂದು ಮಾತ್ರೆ ಸಾಕಾಗಬಹುದು. ಡಾಕ್ಟರಿಗೆ ಈ ಲೆಕ್ಕ ಹೇಳಿ. ಸ್ಟ್ರಿಪ್ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಅದನ್ನು ಊಟದ ಜೊತೆ ತಗೊಳ್ಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆ ಜೊತೆ ಸೇರಿಸಬೇಡಿ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆ ಹೇಗಿದೆ ಅಂತ ನೋಡಿಸಿಕೊಳ್ಳಿ. ಮೂಳೆಗೆ ಜೊಲೆಡ್ರಾನಿಕ್ ಇಂಜೆಕ್ಷನ್ ಕೊಡುವುದಾದರೆ ಅದಕ್ಕೆ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ ಸರಿ ಇರಬೇಕು, ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿರಬೇಕು.

ವಿಟಮಿನ್ ಡಿ 60,000ದ ಸ್ಯಾಚೆ ಎಷ್ಟು ದಿನ ತಗೋಬೇಕು? ಮೆಡಿಕಲ್‌ನವರು ಕೊಡ್ತಾನೇ ಇದಾರೆ

ಕೊರತೆ ಇದ್ದವರಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಆಮೇಲೆ ಸಣ್ಣ ಡೋಸ್. ವಾರಕ್ಕೊಂದು ಎನ್ನುವುದನ್ನು ದಿನಕ್ಕೊಂದು ಅಂತ ತಪ್ಪಾಗಿ ಓದಿಕೊಂಡವರನ್ನು ಕಂಡಿದ್ದೇನೆ, ಅದು ಅಪಾಯ. ಈ ವಿಟಮಿನ್ ಮೈಯಲ್ಲೇ ಕೂಡಿಕೊಳ್ಳುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು ಬರುತ್ತದೆ, ಕಿಡ್ನಿಗೂ ಪೆಟ್ಟು. ಚೀಟಿಯ ಮೇಲೆ ಯಾವ ವಾರ ಅಂತ ದಿನದ ಹೆಸರು ಬರೆಸಿಕೊಳ್ಳಿ, ಕೊನೆಯ ಸ್ಯಾಚೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಲೆಟ್ರೋಜೋಲ್ ಮಾತ್ರೆಯಿಂದ ಕೀಲು ನೋವು ಬಹಳ. ಮೀನೆಣ್ಣೆ ಕ್ಯಾಪ್ಸೂಲ್ ಕೆಲಸ ಮಾಡುತ್ತಾ?

249 ಹೆಂಗಸರಲ್ಲಿ ಅರ್ಧ ಜನಕ್ಕೆ ಮೀನೆಣ್ಣೆಯಲ್ಲಿರುವ ಒಮೆಗಾ-3, ಅರ್ಧ ಜನಕ್ಕೆ ಬೇರೆ ಎಣ್ಣೆಯ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಎರಡೂ ಗುಂಪಿಗೆ ನೋವು ಇಳಿಯಿತು, ಹೆಚ್ಚುಕಡಿಮೆ ಒಂದೇ ಸಮ. ಅಂದರೆ ಮೀನೆಣ್ಣೆಗೇ ಅಂತ ವಿಶೇಷ ಬಲ ಕಾಣಲಿಲ್ಲ. ವ್ಯಾಯಾಮದಿಂದಲೂ ನೋವು ಇಳಿಯುತ್ತದೆ. ನೋವು ತಡೆಯಲಾಗದೆ ಲೆಟ್ರೋಜೋಲ್ ಅನ್ನೇ ಗುಟ್ಟಾಗಿ ನಿಲ್ಲಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬದಲಿ ಮಾತ್ರೆಗಳಿವೆ, ಕೇಳಿ.

ಮೈಯೆಲ್ಲ ಕಾವು ಏರಿ ಬೆವರುತ್ತೆ, ರಾತ್ರಿ ನಿದ್ದೆ ಇಲ್ಲ. ಹಸಿರು ವಿಟಮಿನ್ ಇ ಕ್ಯಾಪ್ಸೂಲ್, ಸೋಯಾ, ಅಗಸೆ, ಯಾವುದು ತಗೊಳ್ಳಲಿ?

ವಿಟಮಿನ್ ಇ ಬಗ್ಗೆ 1998ರಲ್ಲೇ ಪ್ರಯೋಗ ಆಗಿದೆ. ದಿನಕ್ಕೆ 800 ಯೂನಿಟ್ ಕೊಟ್ಟರೆ ದಿನಕ್ಕೊಂದು ಸಲದ ಕಾವು ಕಡಿಮೆಯಾಯಿತು, ಅಷ್ಟೇ. ಅಷ್ಟಕ್ಕೆ ದೊಡ್ಡ ಡೋಸ್ ಬೇಕಾ ಅಂತ ನೀವೇ ಯೋಚಿಸಿ. ಅಗಸೆಯಿಂದ ಕಾವು ಇಳಿಯುತ್ತದೆ ಅಂತಲೂ ಸಾಬೀತಾಗಿಲ್ಲ. ಆದರೆ ರೊಟ್ಟಿ ಜೊತೆ ಅಗಸಿ ಹಿಂಡಿ ತಿನ್ನಲು ಯಾವ ಅಡ್ಡಿಯೂ ಇಲ್ಲ, ಮಲಬದ್ಧತೆಗೆ ಒಳ್ಳೆಯದು.

ಸೋಯಾದಲ್ಲಿ ಈಸ್ಟ್ರೋಜನ್ ಹೋಲುವ ಅಂಶ ಇದೆ, ಕ್ಯಾನ್ಸರ್ ಬೆಳೆಸುತ್ತದೆ ಅಂತ ಸುಮ್ನೆ ಹೆದರಿಸಿದ್ದಾರೆ. ಚೀನಾದ ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆದ 5,042 ಹೆಂಗಸರನ್ನು ಗಮನಿಸಿದಾಗ ಸೋಯಾ ಆಹಾರ ತಿನ್ನುವವರಲ್ಲಿ ಕಾಯಿಲೆ ಮರಳುವುದು ಕಡಿಮೆಯೇ ಇತ್ತು. ಸೋಯಾ ಚಂಕ್ಸ್ ಪಲ್ಯ, ಟೋಫು ತಿನ್ನಿ. ಆ ಅಂಶವನ್ನೇ ತೆಗೆದು ಮಾಡಿದ ಸೋಯಾ ಐಸೋಫ್ಲೇವೋನ್ ಮಾತ್ರೆ ಬೇರೆ ವಿಷಯ, ಅದು ಬೇಡ. ಕಾವು ತಡೆಯಲಾಗದಿದ್ದರೆ ಹಾರ್ಮೋನ್ ಅಲ್ಲದ ಔಷಧಿಗಳಿವೆ, ಡಾಕ್ಟರನ್ನು ಸಂಕೋಚ ಬಿಟ್ಟು ಕೇಳಿ.

ಟಾಮಾಕ್ಸಿಫೆನ್ ಜೊತೆ ಅರಿಶಿನ ಹಾಲು ಕುಡಿಯಬಹುದಾ?

ಚಿಟಿಕೆ ಅರಿಶಿನದ ಹಾಲು, ಸಾರಿನ ಅರಿಶಿನ ಕುಡಿಯಿರಿ, ತಿನ್ನಿ. ಕರ್ಕ್ಯುಮಿನ್, ಅಂದರೆ ಅರಿಶಿನದ ಸಾರದ ಕ್ಯಾಪ್ಸೂಲ್ ಬೇಡ. ಟಾಮಾಕ್ಸಿಫೆನ್ ಮೈಯೊಳಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೇ ಚೆನ್ನಾಗಿ ಕೆಲಸ ಮಾಡುವುದು. ನೆದರ್ಲೆಂಡ್ಸ್‌ನ ಒಂದು ಸಣ್ಣ ಅಧ್ಯಯನದಲ್ಲಿ ಕರ್ಕ್ಯುಮಿನ್ ಕ್ಯಾಪ್ಸೂಲ್ ತಗೊಂಡಾಗ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿಯಿತು, ಕಾಳುಮೆಣಸಿನ ಸಾರ ಸೇರಿಸಿದಾಗ ಇನ್ನೂ ಇಳಿಯಿತು. ಅಂಗಡಿಯ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

## ಇನ್ನೂ ಸ್ವಲ್ಪ ಆಳದ ಪ್ರಶ್ನೆಗಳು

ಅಶ್ವಗಂಧ, ಅಮೃತಬಳ್ಳಿ, ಶತಾವರಿ ನಮ್ಮ ಹಿರಿಯರು ಬಳಸಿದ್ದೇ ಅಲ್ವಾ? ಅದರಲ್ಲೇನು ಅಪಾಯ?

ಹಿರಿಯರು ಅದನ್ನು ಕೀಮೋ ಜೊತೆ ಬಳಸಿರಲಿಲ್ಲ. ನನ್ನ ಆತಂಕ ಅಷ್ಟೇ. ಕೀಮೋ ಔಷಧಿಯನ್ನು ಕರಗಿಸಿ ಹೊರಹಾಕುವ ದೊಡ್ಡ ಕೆಲಸ ಲಿವರಿನದು. ಅಶ್ವಗಂಧದಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕೋವಿಡ್ ಹೊತ್ತಿನಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಜಗಳ ಏನೇ ಇರಲಿ, ಲಿವರ್ ರಿಪೋರ್ಟ್ ಕೆಟ್ಟರೆ ಕೀಮೋ ನಿಲ್ಲುತ್ತದೆ, ಕಾರಣ ಕೀಮೋನೋ ಕಷಾಯವೋ ಅಂತ ಹುಡುಕುವುದರಲ್ಲೇ ವಾರಗಳು ಹೋಗುತ್ತವೆ. ಶತಾವರಿಯಲ್ಲಿ ಈಸ್ಟ್ರೋಜನ್ ಹೋಲುವ ಅಂಶಗಳಿವೆ, ಹಾರ್ಮೋನ್ ಪಾಸಿಟಿವ್ ಇರುವವರು, ಅಂದರೆ ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್ ಇರುವವರು, ಬಿಡುವುದೇ ಲೇಸು. ಭಸ್ಮಗಳಲ್ಲಿ ಸೀಸ, ಪಾದರಸ ಇರಬಹುದು. ಆಯುರ್ವೇದ ಬೇಕೇ ಬೇಕು ಅನ್ನಿಸಿದರೆ ಇಬ್ಬರೂ ಡಾಕ್ಟರಿಗೆ ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿ.

ಲಕ್ಷ್ಮಣ ಫಲ ಕೀಮೋಗಿಂತ ಸಾವಿರ ಪಟ್ಟು ಶಕ್ತಿ ಅಂತ ವಾಟ್ಸಾಪಲ್ಲಿ ಬಂದಿದೆ, ನಿಜಾನಾ?

ನಿಜವಲ್ಲ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಜೀವಕೋಶ ಸತ್ತಿದ್ದನ್ನು ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಯಾಯಿತು ಅಂತ ಹಬ್ಬಿಸಿದ್ದಾರೆ. ಹಣ್ಣನ್ನು ಅಪರೂಪಕ್ಕೆ ತಿಂದರೆ ತೊಂದರೆಯಿಲ್ಲ. ಎಲೆ ಕಷಾಯ, ಪುಡಿ, ಕ್ಯಾಪ್ಸೂಲ್ ದಿನಾ ಬೇಡ. ಇದರಲ್ಲಿರುವ ಅನೋನಾಸಿನ್ ಎಂಬ ಅಂಶ ನರಗಳಿಗೆ ವಿಷ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಾಣಿಸಿಕೊಂಡಿದ್ದನ್ನು 1999ರಲ್ಲಿ ವೈದ್ಯರು ಬರೆದರು. ಮೊದಲೇ ಜೋಮು ಹಿಡಿದ ಬೆರಳಿಗೆ ಇದು ಬೇಕಾ? ಕೀಮೋ ಬಿಟ್ಟು ಬರೀ ಇಂಥದ್ದನ್ನು ನಂಬಿ, ಗಂಟು ದೊಡ್ಡದಾದ ಮೇಲೆ ವಾಪಸ್ ಬಂದವರನ್ನು ನೋಡಿದಾಗ ಆಗುವ ಸಂಕಟ ಹೇಳಲಾಗದು.

ಈಗ ಡ್ರಿಪ್ ಇಲ್ಲ, ಮಾತ್ರೆ ಕೀಮೋ. ಇದಕ್ಕೂ ಇಷ್ಟೊಂದು ಪಥ್ಯ ಇದೆಯಾ?

ಇಲ್ಲಿ ಎರಡು ವಿಷಯ ನೆನಪಿಡಿ. ಕ್ಯಾಪೆಸಿಟಬೈನ್ ಎಂಬ ಕೀಮೋ ಮಾತ್ರೆ ಆದರೆ ಫೋಲಿಕ್ ಆ್ಯಸಿಡ್ ಇರುವ ಬಿ ಕಾಂಪ್ಲೆಕ್ಸ್ ಕೇಳದೆ ಬೇಡ. ಫೋಲಿಕ್ ಆ್ಯಸಿಡ್ ಆ ಔಷಧಿಯ ಅಡ್ಡಪರಿಣಾಮ ಹೆಚ್ಚಿಸುತ್ತದೆ, ಭೇದಿ, ಬಾಯಿಹುಣ್ಣು, ಅಂಗೈ-ಅಂಗಾಲು ಉರಿ ಜೋರಾಗಬಹುದು. ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ (ಇವು ಕೀಮೋ ಅಲ್ಲ, ಆದರೂ ಕ್ಯಾನ್ಸರಿನ ಮಾತ್ರೆಗಳೇ) ಆದರೆ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಔಷಧಿಯ ಚೀಟಿಯಲ್ಲೇ ಬರೆದಿರುತ್ತದೆ. ನಮ್ಮವರು ಗ್ರೇಪ್ ಅಂದರೆ ದ್ರಾಕ್ಷಿ ಅಂದುಕೊಂಡು ದ್ರಾಕ್ಷಿ ಬಿಡುತ್ತಾರೆ! ದ್ರಾಕ್ಷಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಹತ್ತಿರದ ನೆಂಟ ನಮ್ಮ ಚಕ್ಕೋತ. ಅದರಲ್ಲೂ ಅದೇ ಅಂಶ ಇದೆ, ಔಷಧಿ ರಕ್ತದಲ್ಲಿ ಅತಿಯಾಗಿ ಏರಬಹುದು. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಈ ಮಾತ್ರೆ ಮುಗಿಯುವವರೆಗೆ ಬೇಡ.

ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಅಂದ್ರೆ ಕ್ಯಾನ್ಸರಿಗೆ ಸರ್ಕಾರ ಒಪ್ಪಿದೆ ಅಂತಲ್ವಾ?

ಅಲ್ಲ. ಆ 14 ಅಂಕಿಯ ನಂಬರ್ ಆಹಾರ ಪದಾರ್ಥ ಮಾರಲು ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಟ್ಟ ಲೈಸೆನ್ಸ್. ಕಾಯಿಲೆ ವಾಸಿ ಮಾಡುತ್ತದೆ ಅನ್ನುವುದಕ್ಕೆ ಅದು ಪುರಾವೆಯಲ್ಲ. ಅದೇ ಡಬ್ಬಿಯಲ್ಲಿ ಇದು ಔಷಧಿಯಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರಬೇಕು ಅಂತ ನಿಯಮವೇ ಇದೆ. ಮಕ್ಕಳ ಹತ್ತಿರ ಓದಿಸಿ ನೋಡಿ. ಮಾರುವವರು ಬಾಯಲ್ಲಿ ಕ್ಯಾನ್ಸರ್ ಅನ್ನುತ್ತಾರೆ, ಡಬ್ಬಿ ಮೇಲೆ ಬರೆಯುವ ಹಾಗಿಲ್ಲ.

ಇದೆಲ್ಲ ತಗೊಳ್ತೀನಿ ಅಂತ ಡಾಕ್ಟರಿಗೆ ಹೇಳಿದ್ರೆ ಬೈತಾರೆ. ಹೇಳಲೇಬೇಕಾ?

ಹೇಳಲೇಬೇಕು. ಬೈಸಿಕೊಂಡರೂ ಹೇಳಬೇಕು. ಬಾಯಲ್ಲಿ ಹೇಳಲು ಕಷ್ಟ ಆದರೆ ಒಂದು ಕೆಲಸ ಮಾಡಿ: ಮನೆಯಲ್ಲಿರುವ ಎಲ್ಲ ಡಬ್ಬಿ, ಸ್ಟ್ರಿಪ್, ಪುಡಿ ಪೊಟ್ಟಣ, ಕಷಾಯದ ಬಾಟಲಿ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟುಬಿಡಿ. ಶುಗರ್, ಬಿಪಿ, ಥೈರಾಯ್ಡ್ ಮಾತ್ರೆಗಳೂ ಅದರಲ್ಲೇ ಇರಲಿ. ಡಾಕ್ಟರಿಗೆ ಸಮಯವಿಲ್ಲದಿದ್ದರೆ ಡಯೆಟಿಷಿಯನ್ ಅಥವಾ ಆಸ್ಪತ್ರೆಯ ಫಾರ್ಮಸಿಸ್ಟ್ ಹತ್ತಿರ ಕೂತು ನೋಡಿಸಿ.

ಅಕ್ಕನ ಹನ್ನೊಂದು ಡಬ್ಬಿಗಳನ್ನು ನಾನು ಹಾಗೇ ಬಟ್ಟೆ ಚೀಲದಲ್ಲಿ ತಗೊಂಡು ಹೋದೆ. ಅವಳ ಡಾಕ್ಟರ್ ಬೈಯಲಿಲ್ಲ. ಒಂದೊಂದಾಗಿ ಎತ್ತಿ, ಕನ್ನಡಕ ಏರಿಸಿಕೊಂಡು, ಸಣ್ಣ ಅಕ್ಷರ ಓದಿದರು. ಮೂರು ಬೇರೆ ಬೇರೆ ಡಬ್ಬಿಗಳಲ್ಲಿ ಒಂದೇ ವಿಟಮಿನ್ ಡಿ ಇತ್ತು, ಅವಳು ಮೂರನ್ನೂ ನುಂಗುತ್ತಿದ್ದಳು. ಎರಡರಲ್ಲಿ ಅಶ್ವಗಂಧ ಇತ್ತು, ಡಬ್ಬಿಯ ಮುಂಭಾಗದಲ್ಲಿ ಅದರ ಹೆಸರೇ ಇರಲಿಲ್ಲ. ಕೊನೆಗೆ ತಮ್ಮ ಎರಡು ಔಷಧಿ, ಒಂದು ಕ್ಯಾಲ್ಸಿಯಂ ಉಳಿಸಿ ಉಳಿದದ್ದನ್ನು ಚೀಲಕ್ಕೆ ವಾಪಸ್ ಹಾಕಿದರು. ಆ ತಿಂಗಳು ಉಳಿದ ದುಡ್ಡಿಗೆ ಅಕ್ಕ ದಿನಾ ಅರ್ಧ ಲೀಟರ್ ಹಾಲು ಜಾಸ್ತಿ ಹಾಕಿಸಿಕೊಂಡಳು.